ಹಳದಿಯಾದ ಕಾಫಿ ಗಿಡದ ಒಳಗೆ: ಬಿಳಿ ಕಾಂಡಕೊರಕ ದುಂಬಿ ಎಲ್ಲಿರುತ್ತದೆ, ಹೇಗೆ ಬದುಕುತ್ತದೆ

ಹೋದ ವರ್ಷ ಮಾರ್ಚಿನಲ್ಲಿ ನಮ್ಮ ತೋಟದ ಅಂಚಿನ ಒಂದು ಅರೇಬಿಕಾ ಕಾಫಿ ಗಿಡ ಹಳದಿಯಾಯಿತು. ಆರು ವರ್ಷದ ಗಿಡ. ಅಕ್ಕಪಕ್ಕದವೆಲ್ಲ ಹಸಿರಾಗೇ ಇದ್ದವು, ಇದೊಂದು ಮಾತ್ರ ಜ್ವರ ಬಂದವರ ಹಾಗೆ ಎಲೆ ಜೋತುಬಿಟ್ಟು ನಿಂತಿತ್ತು. ನೀರು ಸಾಲಲಿಲ್ಲವೇನೋ ಎಂದು ಎರಡು ಕೊಡ ಹೊಯ್ದೆವು. ಒಂದು ಬುಟ್ಟಿ ಗೊಬ್ಬರವನ್ನೂ ಹಾಕಿದೆವು. ಹದಿನೈದು ದಿನ ಕಳೆದರೂ ಅದು ತಲೆ ಎತ್ತಲಿಲ್ಲ.

ಕೊನೆಗೆ ಕಿತ್ತು, ಕಾಂಡವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಕತ್ತಿಯಿಂದ ಸೀಳಿದೆ. ಗಟ್ಟಿ ಮರ ಇರಬೇಕಾದ ಕಡೆ ಪುಡಿ ತುಂಬಿದ ಸುರಂಗಗಳಿದ್ದವು. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ, ಒಂದಕ್ಕೊಂದು ಸೇರುತ್ತಾ ಹೋಗಿದ್ದವು. ಪುಡಿ ಸುಮ್ನೆ ಉದುರುವಂಥದ್ದಲ್ಲ. ಅವಲಕ್ಕಿ ಡಬ್ಬಿಗೆ ಒತ್ತಿ ಒತ್ತಿ ತುಂಬುತ್ತಾರಲ್ಲ, ಹಾಗೆ ಬಿಗಿಯಾಗಿ ಕೂತಿತ್ತು. ಕಡ್ಡಿಯಿಂದ ಕೆದಕುತ್ತಾ ಹೋದಾಗ ಒಂದು ಸುರಂಗದ ಕೊನೆಯಲ್ಲಿ ತಿಳಿಹಳದಿ ಬಣ್ಣದ ಹುಳ ಸಿಕ್ಕಿತು. ತಲೆಯ ಕಡೆ ಅಗಲ, ಬಾಲದ ಕಡೆಗೆ ಸಣ್ಣ. ಕಾಲುಗಳು ಲೆಕ್ಕಕ್ಕಿಲ್ಲದಷ್ಟು ಚಿಕ್ಕವು. ಅಂಗೈ ಮೇಲೆ ಇಟ್ಟುಕೊಂಡರೆ ಮೈ ಹಿಂಡುತ್ತಾ ಮುಂದಕ್ಕೆ ಹೋಗಲು ನೋಡಿತು, ಹೋಗಲು ಬರಲಿಲ್ಲ. ಅದರ ಬದುಕೆಲ್ಲ ಸುರಂಗದೊಳಗೆ. ಬಯಲಿನಲ್ಲಿ ನಡೆದು ಅಭ್ಯಾಸವೇ ಇಲ್ಲ.

ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆಯವರಿಗೆ ಈ ಹುಳವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿ ಮಕ್ಕಳಿಗೂ ‘ಬೋರರ್’ ಗೊತ್ತು. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ನಾವು ಅಡಿಕೆಯವರು. ನಮಗೆ ಗೊತ್ತಿರುವುದು ಕೊಳೆ, ಬೇರುಹುಳ, ಈಚೆಗೆ ಎಲೆಚುಕ್ಕೆ.

ಈಗ ಪರಿಸ್ಥಿತಿ ಬದಲಾಗಿದೆ. ಎಲೆಚುಕ್ಕೆ ರೋಗದಿಂದ ಅಡಿಕೆಯ ಮೇಲಿನ ಭರವಸೆ ಅಲುಗಾಡಿತು. ಅದೇ ಹೊತ್ತಿಗೆ ಕಾಫಿ ದರ ಮೇಲಕ್ಕೆ ಹೋಯಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಒಂದು ಪೌಂಡ್ ಅರೇಬಿಕಾ 4 ಡಾಲರ್ ದಾಟಿತು. ಅಡಿಕೆ ಮರಗಳ ನಡುವೆ ಕಾಫಿ ಸಸಿ ಇಟ್ಟವರು ನಮ್ಮ ಕಡೆ ಬಹಳ ಜನ. ಸಸಿ ಇಟ್ಟ ಮೇಲೆ ಅದರ ಶತ್ರುವಿನ ಬಗ್ಗೆಯೂ ತಿಳಿದಿರಬೇಕು, ಅಲ್ವಾ?

ಹುಳವೂ ಅದೇ, ದುಂಬಿಯೂ ಅದೇ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಕಾಂಡದೊಳಗೆ ಸಿಕ್ಕಿದ ಬಿಳಿ ಹುಳ ಬೇರೆ, ತೋಟದಲ್ಲಿ ಹಾರುವ ದುಂಬಿ ಬೇರೆ ಎಂದು ಅನೇಕರು ತಿಳಿದಿದ್ದಾರೆ. ಎರಡೂ ಒಂದೇ ಜೀವ. ಕಂಬಳಿಹುಳ ಚಿಟ್ಟೆಯಾಗುವ ಹಾಗೆ ಈ ಬಿಳಿ ಮರಿಹುಳ ದುಂಬಿಯಾಗುತ್ತದೆ. ನಡುವೆ ಅಲುಗಾಡದೆ ಮಲಗಿರುವ ಒಂದು ಹಂತ ಬರುತ್ತದೆ. ಅದನ್ನು ಕೋಶದ ಹಂತ ಎನ್ನುತ್ತಾರೆ. ಮೊಟ್ಟೆ, ಮರಿಹುಳ, ಕೋಶ, ದುಂಬಿ: ಒಟ್ಟು ನಾಲ್ಕು ಅವತಾರ. ಗಿಡವನ್ನು ಕೊಲ್ಲುವುದು ಮರಿಹುಳ. ಊರು ಸುತ್ತಿ ಹೊಸ ಗಿಡಕ್ಕೆ ಮೊಟ್ಟೆ ತಲುಪಿಸುವುದು ದುಂಬಿ.

ಇದು ‘ಉದ್ದಮೀಸೆಯ ದುಂಬಿ’ಗಳ ಕುಟುಂಬಕ್ಕೆ ಸೇರಿದ್ದು. ಪ್ರಪಂಚದಲ್ಲಿ ಈ ಕುಟುಂಬದ 35,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ಮೈಗಿಂತ ಉದ್ದದ ಎರಡು ಮೀಸೆ ಹಿಂದಕ್ಕೆ ಬಾಗಿಸಿಕೊಂಡು, ಮಳೆಗಾಲದ ಶುರುವಿಗೆ ದೀಪದ ಬಳಿ ಬಂದು ಗೋಡೆಗೆ ಕೂರುವ ದುಂಬಿಯನ್ನು ನೀವು ನೋಡಿರುತ್ತೀರಿ. ಮುಟ್ಟಿದರೆ ಕಿರ್ ಕಿರ್ ಎನ್ನುತ್ತದೆ. ಅದು ಈ ಕುಟುಂಬದ್ದು. ಮಾವಿನ ಮರವನ್ನು ಕೊರೆಯುವ ಐದು ಸೆಂಟಿಮೀಟರ್ ಉದ್ದದ ದೊಡ್ಡ ದುಂಬಿಯೂ ಇದರ ನೆಂಟ. ಕರಾವಳಿಯಲ್ಲಿ ಗೇರು ಮರದ ಬುಡ ಕೊರೆದು ಒಣಗಿಸುವುದೂ ಇದೇ ಕುಟುಂಬದ ಇನ್ನೊಂದು. ಇವುಗಳ ಮರಿಹುಳಗಳು ಸಾಮಾನ್ಯವಾಗಿ ಮರದೊಳಗೆ ಬೆಳೆಯುತ್ತವೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮಾತ್ರ ಬೇರೆ ಕುಟುಂಬದ್ದು. ಅದನ್ನು ಇದರ ಜೊತೆ ಸೇರಿಸಬೇಡಿ.

ಮೀಸೆ ಗಿಡ್ಡ, ಹೆಸರು ಉದ್ದಮೀಸೆ

ತಮಾಷೆಯೆಂದರೆ, ಕಾಫಿಯ ಬಿಳಿ ಕಾಂಡಕೊರಕಕ್ಕೆ ಉದ್ದ ಮೀಸೆಯೇ ಇಲ್ಲ. ಕುಟುಂಬದ ಹೆಸರು ಹಾಗಿದೆ ಎಂದು ಉದ್ದ ಮೀಸೆ ಹುಡುಕಿದರೆ ನಿಮಗೆ ಈ ದುಂಬಿ ಸಿಗುವುದಿಲ್ಲ. ಇದರ ಮೀಸೆ ರೆಕ್ಕೆಯ ಬುಡ ದಾಟಿ ಸ್ವಲ್ಪ ಮುಂದೆ ಬರುವುದರೊಳಗೆ ಮುಗಿಯುತ್ತದೆ.

ಗುರುತು ಹಿಡಿಯುವುದು ಹೀಗೆ. ಸಪೂರ ಮೈ. ಉದ್ದ ಒಂದರಿಂದ ಎರಡು ಸೆಂಟಿಮೀಟರ್ ಒಳಗೆ, ಅಂದರೆ ಹೆಚ್ಚುಕಡಿಮೆ ನಿಮ್ಮ ಕಿರುಬೆರಳಿನ ಉಗುರಿನಷ್ಟು ಅಥವಾ ಸ್ವಲ್ಪ ಜಾಸ್ತಿ. ಕಪ್ಪು ಮೈ, ಅದರ ಮೇಲೆ ಬೂದಿ ಬಳಿದಂಥ ಬಿಳಿ ಪಟ್ಟೆಗಳು. ಬೆನ್ನ ಮೇಲಿನ ಗಟ್ಟಿ ರೆಕ್ಕೆಯಲ್ಲಿ ತಲೆಕೆಳಗಾದ ಇಂಗ್ಲಿಷ್ ‘ವಿ’ ಅಕ್ಷರದಂಥ ಗುರುತು ಕಾಣುತ್ತದೆ. ಹೆಣ್ಣು ಗಂಡಿಗಿಂತ ಸ್ವಲ್ಪ ದೊಡ್ಡದು. ಬಿಸಿಲಲ್ಲಿ ಕಾಂಡದ ಮೇಲೆ ಓಡುವಾಗ ಥಟ್ಟನೆ ನೋಡಿದರೆ ಇರುವೆಯೋ ಕಣಜವೋ ಎನ್ನಿಸುತ್ತದೆ. ಈ ಗುಂಪಿನ ಅನೇಕ ದುಂಬಿಗಳಿಗೆ ಕಣಜದ ವೇಷವಿದೆ. ಕಚ್ಚುತ್ತದೇನೋ ಎಂದು ಹಕ್ಕಿಗಳು ಹತ್ತಿರ ಬರದಿರಲಿ ಎಂದು.

ವಿಜ್ಞಾನಿಗಳು ಇಟ್ಟ ಹೆಸರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. 1863ರಲ್ಲಿ ಶೆವ್ರೊಲಾ ಎಂಬ ಫ್ರೆಂಚ್ ಕೀಟತಜ್ಞ ಇಟ್ಟದ್ದು. ಹೆಸರಿನ ಎರಡನೇ ಭಾಗಕ್ಕೆ ‘ನಾಲ್ಕು ಕಾಲಿನದು’ ಎಂಬ ಅರ್ಥವಿದೆ. ಎಲ್ಲ ಕೀಟಗಳ ಹಾಗೆ ಇದಕ್ಕೂ ಆರು ಕಾಲು. ಉದ್ದಮೀಸೆಯಲ್ಲದ ಉದ್ದಮೀಸೆ, ನಾಲ್ಕು ಕಾಲಿಲ್ಲದ ನಾಲ್ಕುಕಾಲು. ಇದರ ವಿಷಯದಲ್ಲಿ ಹೆಸರು ನಂಬಿ ಪ್ರಯೋಜನವಿಲ್ಲ. ‘ಬಿಳಿ’ ಎಂಬುದೂ ದುಂಬಿಯ ಬಣ್ಣ ಅಲ್ಲ, ಒಳಗಿನ ಮರಿಹುಳದ್ದು.

ಎಲ್ಲೆಲ್ಲಿ ಇದೆ?

ಕಾಫಿ ಗಿಡ ನಮ್ಮ ನೆಲದ್ದಲ್ಲ. ಅರೇಬಿಕಾದ ತವರು ಇಥಿಯೋಪಿಯದ ಬೆಟ್ಟಗಳು. ಅಲ್ಲಿಂದ ಯೆಮನ್‌ಗೆ ಹೋಗಿ, ಯೆಮನ್‌ನಿಂದ ಬಾಬಾ ಬುಡನ್ ಅವರು ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎಂಬ ಕತೆ ಮಲೆನಾಡಿನ ಎಲ್ಲರಿಗೂ ಗೊತ್ತು. ಹಾಗಾದರೆ ಹುಳವೂ ಬೀಜದ ಜೊತೆ ಬಂತೇ?

ಇಲ್ಲ. ಹುಳ ಇಲ್ಲಿಯದೇ. ಬಿಳಿ ಕಾಂಡಕೊರಕ ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾದ ದುಂಬಿ. ಭಾರತದಲ್ಲಿದೆ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂನಲ್ಲಿದೆ, ದಕ್ಷಿಣ ಚೀನಾದಲ್ಲಿದೆ. ಕಾಫಿಯ ತವರಾದ ಆಫ್ರಿಕಾದಲ್ಲಿ ಇದು ಇಲ್ಲ. ಅಲ್ಲಿಯ ಕಾಫಿಯನ್ನು ಕೊರೆಯುವುದಕ್ಕೂ ಒಂದು ಉದ್ದಮೀಸೆಯ ದುಂಬಿ ಇದೆ, ಅದನ್ನೂ ಬಿಳಿ ಕಾಂಡಕೊರಕ ಎಂದೇ ಕರೆಯುತ್ತಾರೆ. ಆದರೆ ಅದು ಬೇರೆಯೇ ಜಾತಿ. ಲೋಕದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್‌ನಲ್ಲಿ ನಮ್ಮ ಹುಳದ ಕಾಟ ಇಲ್ಲ. ಅಲ್ಲಿ ನೆರಳೇ ಇಲ್ಲದೆ ಬಯಲಲ್ಲಿ ಸಾಲುಸಾಲಾಗಿ ಅರೇಬಿಕಾ ಬೆಳೆದಿರುವ ಚಿತ್ರ ನೋಡಿ ‘ನಾವೂ ಹಾಗೆ ಮಾಡಬಹುದಲ್ಲ’ ಎಂದುಕೊಳ್ಳುವವರು ಈ ಒಂದು ವ್ಯತ್ಯಾಸವನ್ನು ಮರೆಯುತ್ತಾರೆ.

ಅಂದರೆ ಕಾಫಿ ಬರುವ ಮೊದಲೂ ಈ ದುಂಬಿ ನಮ್ಮ ಕಡೆಯ ಕಾಡಿನಲ್ಲಿ ಬೇರೆ ಗಿಡಮರಗಳನ್ನು ನಂಬಿಕೊಂಡು ಬದುಕಿತ್ತು. ಆಮೇಲೆ ಅದಕ್ಕೆ ಹೊಸದೊಂದು ಗಿಡ ಸಿಕ್ಕಿತು. ಅದೂ ಒಂದೆರಡಲ್ಲ, ಗುಡ್ಡಗುಡ್ಡವೇ.

ಕರ್ನಾಟಕದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದ ಅರೇಬಿಕಾ ತೋಟಗಳಲ್ಲಿ ಇದು ಹಳೆಯ ಕಾಟ. ತಮಿಳುನಾಡು, ಕೇರಳದ ಬೆಟ್ಟಗಳಲ್ಲೂ ಇದೆ. ಎತ್ತರ ಕಡಿಮೆಯಾಗಿ ಸೆಕೆ ಜಾಸ್ತಿಯಾದ ಕಡೆ ಕಾಟವೂ ಜಾಸ್ತಿ. ಅರೇಬಿಕಾಕ್ಕೆ ಹೇಳಿ ಮಾಡಿಸಿದ ಎತ್ತರ ಸಮುದ್ರಮಟ್ಟದಿಂದ 1,000ದಿಂದ 1,500 ಮೀಟರ್. ತೀರ್ಥಹಳ್ಳಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಈ ಲೆಕ್ಕ ನೋಡಿದರೆ ಅರೇಬಿಕಾ ಇಟ್ಟ ನಮ್ಮಂಥವರು ಹುಳಕ್ಕೆ ಇಷ್ಟವಾದ ಜಾಗದಲ್ಲೇ ಅದರ ಇಷ್ಟದ ಗಿಡ ಇಟ್ಟಿದ್ದೇವೆ. ನಾನೂ ಇಟ್ಟವನೇ, ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ.

ಹುಳದ ಪಂಚಾಂಗ

ಈ ಜೀವದ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಇದರ ಒಂದು ವರ್ಷದ ಆಯಸ್ಸಿನಲ್ಲಿ ಬಯಲಿಗೆ ಬರುವುದು ಕೆಲವೇ ವಾರ. ಮಿಕ್ಕ ದಿನವೆಲ್ಲ ಗಿಡದೊಳಗೆ.

ದುಂಬಿಗಳು ಹೊರಗೆ ಬಂದು ಹಾರುವ ಕಾಲ ವರ್ಷಕ್ಕೆ ಎರಡು. ಮೊದಲನೆಯದು ಏಪ್ರಿಲ್, ಮೇ. ಎರಡನೆಯದು ಅಕ್ಟೋಬರ್‌ನಿಂದ ಡಿಸೆಂಬರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗೆ ಒಂದು, ಭೂಮಿ ಹುಣ್ಣಿಮೆಯ ಹೊತ್ತಿಗೆ ಶುರುವಾಗಿ ಚಳಿ ಬಲಿಯುವವರೆಗೆ ಇನ್ನೊಂದು. ನಡುವೆ ಮಳೆ ಹೊಡೆಯುವ ನಾಲ್ಕು ತಿಂಗಳು ಹಾರಾಟ ಇಲ್ಲ.

ಹೊರಗೆ ಬಂದ ಗಂಡು ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ, ಹೆಣ್ಣು ದುಂಬಿಗೆ ತಿಳಿಯುತ್ತದೆ. ಬಹಳಷ್ಟು ಪತಂಗಗಳಲ್ಲಿ ಹೆಣ್ಣು ಕರೆಯುತ್ತದೆ, ಗಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಈ ವಾಸನೆಯ ಮುಖ್ಯ ವಸ್ತುವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ, ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಬಲೆಗೆ ಬಳಸುತ್ತಾರೆ. ಆ ಮಾತು ಮುಂದೆ ಬರುತ್ತದೆ.

ಕೂಡಿದ ಮೇಲೆ ಹೆಣ್ಣು ಬಿಸಿಲೇರಿದ ಹೊತ್ತಿನಲ್ಲಿ ಕಾಂಡದ ಮೇಲೆ ಸರಸರನೆ ಓಡಾಡುತ್ತದೆ. ಹಿಂಬದಿಯ ಕೊಳವೆಯನ್ನು ಚಾಚಿ ತೊಗಟೆಯ ಬಿರುಕುಗಳನ್ನು ತಡಕುತ್ತದೆ. ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುವವರು ಬಾಗಿಲು ಬಾಗಿಲು ತಟ್ಟುವ ಹಾಗೆ. ಒಳ್ಳೆಯ ಬಿರುಕು ಸಿಕ್ಕಿದರೆ ಅದರೊಳಗೆ ಕೆಲವು ಮೊಟ್ಟೆ. ಮತ್ತೆ ಓಟ, ಮತ್ತೆ ಹುಡುಕಾಟ. ಒಂದು ಹೆಣ್ಣು ಒಟ್ಟು 50ರಿಂದ 100 ಮೊಟ್ಟೆ ಇಡುತ್ತದೆ. ಮುಖ್ಯ ಕಾಂಡ ಮತ್ತು ಅದರಿಂದ ಹೊರಟ ದಪ್ಪ ಕೊಂಬೆಗಳು ಅದರ ಆಯ್ಕೆ. ಸಿಪ್ಪೆ ಎದ್ದ, ಸಡಿಲ ತೊಗಟೆ ಇದ್ದರೆ ಇನ್ನೂ ಇಷ್ಟ.

ಸುಮಾರು ಹತ್ತು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಹುಳ ಮೊದಲು ತೊಗಟೆಯ ಕೆಳಗಿನ ಮೆತ್ತನೆಯ ಪದರದಲ್ಲಿ ತಿನ್ನುತ್ತಾ ಓಡಾಡುತ್ತದೆ. ಹೀಗೆ ಎರಡು ತಿಂಗಳು ಕಳೆಯುತ್ತದೆ. ಹುಳ ತಿಂದಲ್ಲೆಲ್ಲ ಗಿಡ ಗಾಯ ಮುಚ್ಚಿಕೊಳ್ಳಲು ನೋಡುತ್ತದೆ. ಹಾಗಾಗಿ ಕಾಂಡದ ಮೇಲೆ ಉಬ್ಬು ಗೆರೆಗಳು ಏಳುತ್ತವೆ. ಕಣ್ಣಿಗೆ ಕಾಣದಿದ್ದರೂ ಹೆಬ್ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ. ವಯಸ್ಸಾದವರ ಮುಂಗೈ ಮೇಲೆ ನರ ಎದ್ದಿರುತ್ತದಲ್ಲ, ಹಾಗೆ.

ಆಮೇಲೆ ಹುಳ ಗಟ್ಟಿ ಮರದೊಳಕ್ಕೆ ಹೋಗುತ್ತದೆ. ದಿಕ್ಕು ದೆಸೆ ನೋಡದೆ ಕೊರೆಯುತ್ತದೆ. ಕೆಲವೊಮ್ಮೆ ಬೇರಿನವರೆಗೂ ಇಳಿಯುತ್ತದೆ. ಮರಿಹುಳದ ಹಂತ ಒಟ್ಟು ಒಂಬತ್ತು ಹತ್ತು ತಿಂಗಳು. ಬೆಳೆದು ಮುಗಿದ ಮೇಲೆ ಅದು ತೊಗಟೆಯ ಹತ್ತಿರಕ್ಕೆ ವಾಪಸು ಬಂದು, ಒಂದು ಚಿಕ್ಕ ಕೋಣೆ ಮಾಡಿಕೊಂಡು ಮಲಗುತ್ತದೆ. ಮೂರು ನಾಲ್ಕು ವಾರ ಅಲ್ಲೇ. ದುಂಬಿಯಾದ ಮೇಲೂ ಕೆಲವು ದಿನ ಒಳಗೇ ಕೂತು ಮೈ ಗಟ್ಟಿ ಮಾಡಿಕೊಂಡು, ಕೊನೆಗೆ ದುಂಡನೆಯ ತೂತು ಕೊರೆದು ಹೊರಗೆ ಬರುತ್ತದೆ. ಬಾಲ್‌ಪೆನ್ನಿನ ರೀಫಿಲ್ ತೂರಿಸಬಹುದಾದಷ್ಟು ತೂತು.

ಹೊರಗೆ ಹೋಗುವ ದಾರಿಯನ್ನು ಮರಿಹುಳವೇ ತೊಗಟೆಯ ಹತ್ತಿರ ತಂದಿಟ್ಟಿರುವುದು ಗಮನಿಸಿ. ದುಂಬಿಗೆ ಮರಿಹುಳದಷ್ಟು ಕೊರೆಯುವ ಶಕ್ತಿ ಇಲ್ಲ. ಮುಂದೆ ತನಗೆ ಬರಲಿರುವ ಮೈಗೆ ಅನುಕೂಲವಾಗಲಿ ಎಂದು ಹುಳ ಮೊದಲೇ ಬಾಗಿಲ ಪಕ್ಕ ಹಾಸಿಗೆ ಹಾಸುತ್ತದೆ.

ಈ ಪಂಚಾಂಗದಿಂದ ಎರಡು ವಿಷಯ ತಿಳಿಯುತ್ತದೆ. ಕಾಂಡದ ಮೇಲೆ ದುಂಡನೆಯ ತೂತು ಕಂಡರೆ ಹುಳ ಕೆಲಸ ಮುಗಿಸಿ ಹೋಗಿದೆ ಎಂದರ್ಥ. ಮತ್ತೆ, ಬೇಸಗೆಯ ಹಾರಾಟದ ಮಕ್ಕಳು ಮುಂದಿನ ಬೇಸಗೆಗೆ, ದೀಪಾವಳಿ ಹಾರಾಟದ ಮಕ್ಕಳು ಮುಂದಿನ ದೀಪಾವಳಿಗೆ ಎಂಬ ಎರಡು ಸರದಿ ಇರುವುದರಿಂದ, ಹುಳ ಹೊಕ್ಕ ತೋಟದಲ್ಲಿ ವರ್ಷದ ಯಾವ ದಿನ ನೋಡಿದರೂ ಯಾವುದೋ ಗಿಡದೊಳಗೆ ಯಾವುದೋ ವಯಸ್ಸಿನ ಹುಳ ಇದ್ದೇ ಇರುತ್ತದೆ.

ಬಿಸಿಲಿಗೆ ಯಾಕಿಷ್ಟು ಒಲವು?

ಕೀಟಗಳು ತಣ್ಣನೆ ರಕ್ತದ ಜೀವಗಳು. ಅವುಗಳ ಮೈ ಚುರುಕಾಗಲು ಹೊರಗಿನ ಬಿಸಿ ಬೇಕು. ಈ ದುಂಬಿಗೆ ಬಿಸಿಲು ಬಿದ್ದ ಕಾಂಡ ಎಂದರೆ ಪ್ರಾಣ. ನೆರಳಲ್ಲಿರುವ ತಂಪು ಕಾಂಡದ ಮೇಲೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ತೋಟದಲ್ಲಿ ಎಲ್ಲಿ ಹುಳ ಹುಡುಕಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭ: ರಸ್ತೆಯ ಪಕ್ಕ, ತೋಟದ ಅಂಚು, ಗಾಳಿಗೆ ಮರ ಬಿದ್ದು ಆಕಾಶ ಕಾಣುವ ಜಾಗ. ನಮ್ಮ ಹಳದಿ ಗಿಡ ಅಂಚಿನಲ್ಲಿ ಇದ್ದದ್ದು ಆಕಸ್ಮಿಕ ಅಲ್ಲ.

ಇದನ್ನು ಕಲಿಯಲು ಹಿಂದಿನವರು ಭಾರಿ ಬೆಲೆ ತೆತ್ತಿದ್ದಾರೆ. 1860ರ ದಶಕದಲ್ಲಿ ಕೊಡಗು, ಮೈಸೂರು ಸೀಮೆಯಲ್ಲಿ ಯುರೋಪಿಯನ್ ಪ್ಲಾಂಟರ್‌ಗಳು ಕಾಡು ಕಡಿದು ದೊಡ್ಡ ದೊಡ್ಡ ಕಾಫಿ ತೋಟ ಮಾಡಿದರು. ನೆರಳು ಕಡಿಮೆ ಇದ್ದಷ್ಟು ಫಸಲು ಜಾಸ್ತಿ ಎಂಬುದು ಆಗಿನ ನಂಬಿಕೆ. ಹುಳ ಏಕಾಏಕಿ ಹೆಚ್ಚಿತು, ತೋಟಗಳು ಹಾಳಾದವು. ಜಾರ್ಜ್ ಬಿಡಿ ಎಂಬ ವೈದ್ಯರನ್ನು ಸರ್ಕಾರ ತನಿಖೆಗೆ ಕಳಿಸಿತು. 1869ರಲ್ಲಿ ಮದ್ರಾಸಿನಲ್ಲಿ ಅವರ ವರದಿ ಅಚ್ಚಾಯಿತು. ಬಯಲಾಗಿ ಬಿಟ್ಟ ತೋಟಗಳಿಗೇ ಹೆಚ್ಚು ಪೆಟ್ಟು ಬಿದ್ದದ್ದು ಎಂಬುದು ಆ ಕಾಲದ ದೊಡ್ಡ ಪಾಠ. ಇವತ್ತು ನಮ್ಮ ಘಟ್ಟದ ಕಾಫಿ ಎಂದರೆ ಅತ್ತಿ, ಬಸರಿ, ಹಲಸಿನ ನೆರಳಿನ ಕಾಫಿ ಎಂದು ಹೆಮ್ಮೆ ಪಡುತ್ತೇವಲ್ಲ, ಆ ನೆರಳು ಉಳಿದುಕೊಂಡಿರುವುದರಲ್ಲಿ ಕಿರುಬೆರಳ ಉಗುರಿನಷ್ಟಿರುವ ಈ ದುಂಬಿಯ ಪಾಲೂ ಇದೆ.

ಆದರೆ ನೆರಳು ಎಂದು ಕತ್ತಲೆ ಮಾಡಿಟ್ಟರೂ ಕಷ್ಟ. ಗಾಳಿಯಾಡದೆ ಮಳೆಗಾಲದಲ್ಲಿ ಕಾಫಿಗೂ ಕೊಳೆ ರೋಗ ಬರುತ್ತದೆ, ಫಸಲೂ ಇಳಿಯುತ್ತದೆ. ಅದಕ್ಕೇ ಮರಗಸಿ. ಮಳೆಗಾಲದ ಮುಂಚೆ ನೆರಳಿನ ಮರಗಳ ಕೊಂಬೆ ಸವರಿ ಬೆಳಕು ಬಿಡುವ ಕೆಲಸಕ್ಕೆ ಕಾಫಿ ಸೀಮೆಯಲ್ಲಿ ಈ ಹೆಸರು. ಎಷ್ಟು ಸವರಬೇಕು ಎಂಬುದರಲ್ಲೇ ಜಾಣತನ. ಕಾಫಿಯವರು ಮೇಲೆ ಕಾಡುಮರ, ಅದರ ಕೆಳಗೆ ಹಾಲವಾಣ ಎಂದು ಎರಡು ಅಂತಸ್ತಿನ ನೆರಳು ಮಾಡುವುದೂ ಇದಕ್ಕೇ. ಮೇಲಿನದು ತೆಳುವಾದರೆ ಕೆಳಗಿನದು ಕಾಯುತ್ತದೆ.

ಅಡಿಕೆ ತೋಟದ ನಮಗೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಅಡಿಕೆಯ ನೆರಳನ್ನು ನಾವು ಸವರುವುದಿಲ್ಲ, ಹೆಚ್ಚಿಸುವುದೂ ಇಲ್ಲ. ಹೆಡೆ, ಅಂದರೆ ಸೋಗೆ, ಎಷ್ಟಿದೆಯೋ ಅಷ್ಟೇ. ಎಲೆಚುಕ್ಕೆ ಬಂದು ಹೆಡೆಗಳು ಒಣಗಿದ ತೋಟದಲ್ಲಿ ಬಿಸಿಲು ನೇರವಾಗಿ ಕಾಫಿಯ ಕಾಂಡಕ್ಕೆ ಬೀಳುತ್ತದೆ. ಅಡಿಕೆಗೆ ರೋಗ ಬಂತು ಎಂದು ಕಾಫಿ ಇಟ್ಟ ತೋಟಗಳೇ ಹೀಗೆ ಬಯಲಾಗಿರುವುದು ಹೆಚ್ಚು.

ಗಿಡ ಸಾಯುವುದು ಹೇಗೆ?

ಗುಡ್ಡದ ಮೇಲಿನ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆಗೆ ತರುವುದನ್ನು ನೋಡಿದ್ದೀರಲ್ಲ. ದಬ್ಬೆಯಲ್ಲಿ ಒಂದು ತೂತು ಬಿದ್ದರೆ ಮನೆಗೆ ಬರುವ ನೀರು ಸ್ವಲ್ಪ ಕಡಿಮೆ. ಹತ್ತು ತೂತಾದರೆ ಹಂಡೆ ತುಂಬುವುದೇ ಇಲ್ಲ. ಕಾಂಡದೊಳಗೆ ಬೇರಿನಿಂದ ಎಲೆಗೆ ನೀರು ಹೋಗುವ ಸಣ್ಣ ಸಣ್ಣ ನಾಳಗಳಿವೆ. ಸುರಂಗಗಳು ಅವನ್ನು ಕತ್ತರಿಸುತ್ತವೆ. ಬೇರಿನ ಬುಡದಲ್ಲಿ ನೀರಿದ್ದರೂ ಎಲೆಗೆ ಬಾಯಾರಿಕೆ. ನಾವು ಹೊಯ್ದ ಎರಡು ಕೊಡ ನೀರು ಕೆಲಸ ಮಾಡದೆ ಇದ್ದದ್ದು ಇದಕ್ಕೇ.

ಏಳೆಂಟು ವರ್ಷದೊಳಗಿನ ಗಿಡವಾದರೆ ಸಾಮಾನ್ಯವಾಗಿ ಒಂದೇ ವರ್ಷದಲ್ಲಿ ಸಾಯುತ್ತದೆ. ದಪ್ಪ ಕಾಂಡದ ಹಳೆಯ ಗಿಡ ಕೆಲವು ವರ್ಷ ತಡೆದುಕೊಳ್ಳುತ್ತದೆ, ಆದರೆ ಫಸಲು ನೆಲಕ್ಕಿಳಿಯುತ್ತದೆ.

ಇದೇ ಹುಳವೋ, ಬೇರೆಯೋ?

ಕಾಫಿಯನ್ನು ಕೊರೆಯುವವು ಬೇರೆಯೂ ಇವೆ. ಗಿಡದ ಬುಡದಲ್ಲಿ ಕೆಂಪು ಬಣ್ಣದ ಕಾಳುಕಾಳಾದ ಹಿಕ್ಕೆ ಬಿದ್ದಿದ್ದರೆ ಅದು ಕೆಂಪು ಕೊರಕ. ಅದು ದುಂಬಿಯ ಮರಿಯಲ್ಲ, ಪತಂಗದ್ದು. ಸಣ್ಣ ಟೊಂಗೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತಾಗಿ ಟೊಂಗೆ ಮಾತ್ರ ಒಣಗಿದ್ದರೆ ಅದು ಟೊಂಗೆ ಕೊರಕ, ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾದಲ್ಲಿ ಜಾಸ್ತಿ. ಹಣ್ಣಿನ ತುದಿಯಲ್ಲಿ ತೂತಿದ್ದರೆ ಕಾಯಿಕೊರಕ. ಅದು ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ.

ಬಿಳಿ ಕಾಂಡಕೊರಕ ಹಿಕ್ಕೆಯನ್ನು ಹೊರಗೆ ಹಾಕುವುದಿಲ್ಲ. ಎಲ್ಲವನ್ನೂ ತನ್ನ ಹಿಂದಿನ ಸುರಂಗಕ್ಕೇ ತುಂಬಿಕೊಂಡು ಹೋಗುತ್ತದೆ. ಸುಳಿವು ಬಿಡದ ಕಳ್ಳ. ಉಬ್ಬು ಗೆರೆ ಮತ್ತು ಹಳದಿ ಎಲೆ, ಇವೆರಡೇ ನಮಗೆ ಸಿಗುವ ಸಾಕ್ಷಿ.

ರೊಬಸ್ಟಾ ಇಟ್ಟವರು ಈ ಹುಳದ ಮಟ್ಟಿಗೆ ನೆಮ್ಮದಿಯಾಗಿರಬಹುದು. ರೊಬಸ್ಟಾದಲ್ಲಿ ಇದರ ಬೆಳವಣಿಗೆ ಸರಿಯಾಗಿ ಆಗುವುದಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಈಗ ರೊಬಸ್ಟಾ ಶೇ. 70ರಷ್ಟು. ಅರೇಬಿಕಾ ಹಿಂದೆ ಬಿದ್ದಿರುವುದಕ್ಕೆ ಇರುವ ಕಾರಣಗಳಲ್ಲಿ ಈ ದುಂಬಿಯೂ ಒಂದು.

ಅಭ್ಯಾಸ ಗೊತ್ತಾದರೆ ಉಪಾಯವೂ ಗೊತ್ತಾಗುತ್ತದೆ

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಮತ್ತು ಕಾಫಿ ಮಂಡಳಿ ಹೇಳುವ ಕ್ರಮಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೇಲಿನ ಪಂಚಾಂಗ ಗೊತ್ತಿದ್ದರೆ ಅವು ತಾವಾಗಿಯೇ ಅರ್ಥವಾಗುತ್ತವೆ.

ಹಾರಾಟಕ್ಕೆ ಮುಂಚೆ ಹುಳ ಇನ್ನೂ ಒಳಗೇ ಇರುತ್ತದೆ. ಹಿಡಿಯುವುದಿದ್ದರೆ ಆಗಲೇ. ಹಾಗಾಗಿ ಮಾರ್ಚಿನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಪ್ರತಿ ಗಿಡದ ಕಾಂಡ ಸವರಿ, ಉಬ್ಬು ಗೆರೆ ಇದ್ದದ್ದನ್ನು ಗುರುತು ಮಾಡಿ ತೆಗೆಯುತ್ತಾರೆ. ಇದಕ್ಕೆ ತೋಟದವರು ‘ಬೋರರ್ ಟ್ರೇಸಿಂಗ್’ ಎನ್ನುತ್ತಾರೆ. ಕೈ ಪಳಗಿದವರು ಒಂದು ಗಿಡಕ್ಕೆ ಅರ್ಧ ನಿಮಿಷವೂ ತೆಗೆದುಕೊಳ್ಳುವುದಿಲ್ಲ. ನನಗೆ ಮೊದಲ ದಿನ ಎಲ್ಲ ಗಿಡದಲ್ಲೂ ಉಬ್ಬೇ ಕಂಡಿತು. ಹುಳ ಬೇರಿಗೂ ಇಳಿದಿರಬಹುದಾದ್ದರಿಂದ ಬುಡ ಸಮೇತ ಕೀಳುವುದು ವಾಡಿಕೆ. ಕೊರೆತ ಮೇಲ್ಭಾಗದಲ್ಲಷ್ಟೇ ಇದ್ದರೆ, ಬುಡದ ಸ್ವಲ್ಪ ಮೇಲೆ ಕಡಿದು ಹೊಸ ಚಿಗುರು ಬರಿಸುವವರೂ ಇದ್ದಾರೆ. ಕಡಿದ ಬಾಯಲ್ಲಿ ಸುರಂಗ ಕಾಣಬಾರದು, ಅಷ್ಟೇ.

ಮೊಟ್ಟೆಗೆ ಬಿರುಕು ಬೇಕು. ಬಿರುಕೇ ಇಲ್ಲದಂತೆ ಮಾಡಿದರೆ? ಹಾರಾಟ ಶುರುವಾಗುವ ಮುಂಚೆ ತೆಂಗಿನ ನಾರಿನ ಕೈಗವಸಿನಿಂದಲೋ ತೆಂಗಿನ ಸಿಪ್ಪೆಯಿಂದಲೋ ಕಾಂಡವನ್ನು ಉಜ್ಜಿ ಸಡಿಲ ತೊಗಟೆ ತೆಗೆಯುತ್ತಾರೆ. ಎಣ್ಣೆಸ್ನಾನದ ದಿನ ಅಜ್ಜಿ ಬೆನ್ನು ಉಜ್ಜುವ ಹಾಗೆ ಉಜ್ಜಬೇಕು, ಕತ್ತಿಯಿಂದ ಕೆರೆಯಬಾರದು. ಹಸಿ ತೊಗಟೆಗೆ ಗಾಯವಾದರೆ ಬೇರೆ ತೊಂದರೆ ಶುರು. ಕಾಂಡಕ್ಕೆ ಶೇ. 10ರ ಸುಣ್ಣದ ನೀರು, ಅಂದರೆ 200 ಲೀಟರ್ ನೀರಿಗೆ 20 ಕೆಜಿ ಸುಣ್ಣ, ಅಂಟು ಬೆರೆಸಿ ಹೊಡೆಯುವುದೂ ಇದೆ. ಬಿರುಕು ಮುಚ್ಚುತ್ತದೆ, ಹೆಣ್ಣಿಗೆ ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ.

ಹಿಂದೆ ಲಿಂಡೇನ್ ಎಂಬ ಕೀಟನಾಶಕವನ್ನು ಕಾಂಡಕ್ಕೆ ಬಳಿಯುತ್ತಿದ್ದರು. ಮಣ್ಣಿನಲ್ಲೂ ಮೈಯಲ್ಲೂ ವರ್ಷಗಟ್ಟಲೆ ಉಳಿಯುವ ವಿಷ ಅದು. ನಮ್ಮ ದೇಶದಲ್ಲಿ 2013ರಿಂದ ಅದರ ಬಳಕೆ ನಿಷೇಧ. ಯಾರಾದರೂ ಹಳೆಯ ಡಬ್ಬಿ ತೋರಿಸಿ ‘ಇದಕ್ಕಿಂತ ಒಳ್ಳೆ ಮದ್ದಿಲ್ಲ’ ಎಂದರೆ ಕೈ ಮುಗಿಯಿರಿ. ಈಗ ಯಾವುದನ್ನು ಬಳಸಬಹುದು ಎಂಬುದನ್ನು ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ಕೇಳುವುದೇ ಸರಿ. ಯಾವ ಔಷಧವಾದರೂ ಗಟ್ಟಿ ಮರದೊಳಗೆ ಹೋಗಿ ಕೂತ ಹುಳವನ್ನು ಮುಟ್ಟುವುದು ಕಷ್ಟ. ಮೇಲೆ ಬಳಿದದ್ದು ಮೊಟ್ಟೆಗೆ, ಈಗಷ್ಟೇ ಹುಟ್ಟಿದ ಮರಿಗೆ, ಓಡಾಡುವ ದುಂಬಿಗೆ ಮಾತ್ರ.

ಇನ್ನು ಬಲೆ. ಗಂಡು ಬಿಡುವ ವಾಸನೆಯನ್ನೇ ತಯಾರಿಸಿ ಚಿಕ್ಕ ಪೊಟ್ಟಣದಲ್ಲಿ ಇಟ್ಟು, ಬಿಳಿ ಹಲಗೆಗಳನ್ನು ಅಡ್ಡಡ್ಡ ಜೋಡಿಸಿದ ಬಲೆಗೆ ಕಟ್ಟುತ್ತಾರೆ. ಹೆಣ್ಣು ಬಂದು ಸಿಕ್ಕಿಕೊಳ್ಳುತ್ತದೆ. ಎಕರೆಗೆ ಸುಮಾರು ಹತ್ತು ಬಲೆ ಎಂಬುದು ಲೆಕ್ಕ. ಬಲೆಯೊಂದನ್ನೇ ನಂಬಿ ಕೂತವರಿಗೆ ಲಾಭವಾದದ್ದು ನಾನು ಕಂಡಿಲ್ಲ. ಹಾರಾಟ ಶುರುವಾಗಿದೆಯೋ ಇಲ್ಲವೋ ತಿಳಿಯಲು ಮಾತ್ರ ಅದು ಒಳ್ಳೆಯ ಗಡಿಯಾರ.

ಪಕ್ಕದ ತೋಟದವರು ಏನೂ ಮಾಡದಿದ್ದರೆ ನಾವು ಮಾಡಿ ಏನು ಬಂತು ಎಂದು ಕೇಳುವವರಿದ್ದಾರೆ. ದುಂಬಿಗೆ ಬೇಲಿ ಗೊತ್ತಿಲ್ಲ, ನಿಜ. ಆದರೆ ಹೊರಗಿನಿಂದ ಹಾರಿ ಬಂದದ್ದಕ್ಕೂ ಕೂರಲು ಬಿಸಿಲು ಬಿದ್ದ, ಬಿರುಕು ಬಿಟ್ಟ ಕಾಂಡ ಬೇಕು.

ಕಿತ್ತ ಗಿಡ ಎಲ್ಲಿ ಹೋಯಿತು?

ಇದನ್ನು ಮಾತ್ರ ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ಹೋದ ಮಾರ್ಚಿನಲ್ಲಿ ಸೀಳಿದ್ದು ಒಂದೇ ಗಿಡ. ಆಮೇಲೆ ಹುಡುಕಿ ಇನ್ನೂ ಒಂಬತ್ತು ಕಿತ್ತೆವು. ಮಳೆಗಾಲಕ್ಕೆ ಸೌದೆ ಕೂಡಿಡುವ ಹೊತ್ತು. ಕಾಫಿ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ. ಒಂದಳತೆಗೆ ಕಡಿದು ಬಚ್ಚಲ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಅಟ್ಟಿ ಹಾಕಿದೆವು.

ಗಿಡ ಸತ್ತರೂ ಒಳಗಿನ ಹುಳ ಸಾಯುವುದಿಲ್ಲ. ಅದಕ್ಕೆ ಬೇಕಾದದ್ದು ಮರ, ಅದು ಹಾಗೇ ಇದೆ. ಕೋಶವಾಗುವ ಹಂತ ತಲುಪಿದ್ದರಂತೂ ಅದಕ್ಕೆ ಊಟವೂ ಬೇಡ. ಕಿತ್ತದ್ದನ್ನು ಕೂಡಲೇ ಸುಡಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು ಎನ್ನುವುದು ಅದಕ್ಕೇ.

ಮೇ ತಿಂಗಳ ಒಂದು ಮಧ್ಯಾಹ್ನ ಬಚ್ಚಲ ಕಿಟಕಿಯ ಸರಳಿನ ಮೇಲೆ ಸಪೂರ ಕಪ್ಪು ದುಂಬಿಯೊಂದು ಬಿಸಿಲು ಕಾಯಿಸುತ್ತಾ ಕೂತಿತ್ತು. ಬೆನ್ನ ಮೇಲೆ ಬೂದಿ ಪಟ್ಟೆ, ತಲೆಕೆಳಗಾದ ‘ವಿ’. ಕೈ ಹಾಕುವಷ್ಟರಲ್ಲಿ ತೋಟದ ಕಡೆಗೆ ಹಾರಿತು. ಕೊಟ್ಟಿಗೆಗೆ ಹೋಗಿ ಅಟ್ಟಿಯ ಮೇಲಿನ ಒಂದು ತುಂಡನ್ನು ತಿರುಗಿಸಿ ನೋಡಿದೆ. ತೊಗಟೆಯಲ್ಲಿ ದುಂಡನೆಯ ಮೂರು ತೂತುಗಳಿದ್ದವು, ಅಂಚಿನಲ್ಲಿ ಹೊಸ ಪುಡಿ.